ತಾಯಿಯ ನುಡಿಗೆ ಮಕ್ಕಳ ಸೆರೆ

ಒಬ್ಬರು ಆಡಿದ ಮಾತಿಗೆ ಮತ್ತೊಬ್ಬರು ದಂಡ ತೆರಬೇಕೆಂಬುದು ಯಾವ ಧರ್ಮ? ಚೀನಾ ದೇಶದ ಪಶ್ಚಿಮದಲ್ಲಿರುವ ಷಿನ್‌ಜಿಯಾಂಗ್ ಪ್ರಾಂತದ ಉಯ್ಘರ್ ಜನಾಂಗದಲ್ಲಿ ರೆಬಿಯಾ ಕದೀರ್ ಎಂಬಾಕೆ ಹೆಸರಾದ ವ್ಯಾಪಾರಿ. ಅಮೆರಿಕೆಯಲ್ಲಿದ್ದ ಪತಿಗೆ ವೃತ್ತಪತ್ರಿಕೆಯ ತುಣುಕುಗಳನ್ನು ಕಳುಹಿಸಿದಳೆಂಬ ಆರೋಪದಿಂದ 1999ರಲ್ಲಿ ಸೆರೆಯಾದ ಆಕೆ 2005ರಲ್ಲಿ ಬಿಡುಗಡೆ ಹೊಂದಿ ಅಮೆರಿಕೆಯನ್ನು ಸೇರಿದಳು. ಅಲ್ಲಿಯೂ ತನ್ನ ಜನರ ಸಂಕಟವನ್ನು ನುಡಿಯುವುದನ್ನು ಬಿಡಲಿಲ್ಲ. ತಾಯ್ನೆಲದಲ್ಲಿ ಉಳಿದಿದ್ದ ಆಕೆಯ ಮಕ್ಕಳಲ್ಲಿ ಒಬ್ಬನಿಗೆ 2006ರಲ್ಲಿ ತೆರಿಗೆವಂಚನೆಯ ಹೆಸರಿನಿಂದ 7 ವರ್ಷ, ಮತ್ತೊಬ್ಬನಿಗೆ 2007ರಲ್ಲಿ ರಾಜ್ಯವನ್ನು ಒಡೆಯಲೆಳಸಿದನೆಂದು 9 ವರ್ಷ ಸೆರೆವಾಸವಾಯಿತು. 2009ರಲ್ಲಿ ಉರುಮ್ಚಿ ನಗರದಲ್ಲಿ ಗಲಭೆಯಾದ ಮೇಲೆ, ಮಕ್ಕಳೇ ತಾಯಿಯನ್ನು ದೂಷಿಸಿ ಬರೆದರೆಂಬ ಪತ್ರವನ್ನು ಸರ್ಕಾರದ ವಾರ್ತಾಸಂಸ್ಥೆಯು ಪ್ರಕಟಿಸಿತು. ಸೆರೆಮನೆಯ ನೆರಳಿನಲ್ಲಿ ಹುಟ್ಟಿದ ಪತ್ರದ ಬೆಲೆಯೆಷ್ಟೆಂಬುದನ್ನು ಬಲ್ಲವರು ಬಲ್ಲರು.

ತಾಯಿ ಸುಮ್ಮನಿದ್ದಿದ್ದರೆ ಮಕ್ಕಳು ಸುಖವಾಗಿರುತ್ತಿದ್ದರಲ್ಲವೆ ಎಂದು ಕೇಳುವವರುಂಟು. ಮಕ್ಕಳೊಂದಿಗರಾದ ಗೃಹಸ್ಥರು ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೆ ಇದರೊಳಗೊಂದು ವಂಚನೆ ಅಡಗಿದೆ. ಬೀಗ ಹಾಕಿದ ಕೈ ಅಧಿಕಾರಿಯದು. ಅದರ ಪಾಪವನ್ನು ತಾಯಿಯ ನಾಲಗೆಗೆ ಅಂಟಿಸುವುದು ಎಂತಹ ವಿವೇಕ! ಆಕೆ ಮೌನವನ್ನು ತೆತ್ತು ಮಕ್ಕಳನ್ನು ಬಿಡಿಸಿಕೊಂಡಿದ್ದರೆ, ವಾತ್ಸಲ್ಯವನ್ನೇ ಸಂಕೋಲೆಯಾಗಿಸಬಹುದೆಂದು ಕಂಡುಕೊಂಡ ಆಳುವವರು ಮತ್ತೊಂದು ಮನೆಯ ಬಾಗಿಲನ್ನು ತಟ್ಟುತ್ತಿದ್ದರು. ಇಷ್ಟನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ತಾಯಿ ತನ್ನ ದಾರಿಯನ್ನು ತಾನೇ ಆರಿಸಿಕೊಂಡಳು. ಆ ದಾರಿಯ ಬೆಲೆಯಲ್ಲಿ ಮಕ್ಕಳಿಗೂ ಪಾಲು ಬಂದಿತು. ಅವರನ್ನು ಯಾರೂ ಕೇಳಿರಲಿಲ್ಲ.