ಪ್ರಾಣಿ ಪಂದ್ಯದ ನಿಯಮ ಯಾರಿಗೆ?

ಮೂವರು ಸವಾರರು, ಮೂವತ್ತರಷ್ಟು ದನ, ಅಂಗಳದ ಆಚೆ ತುದಿಯಲ್ಲೊಂದು ದೊಡ್ಡಿ. ಟೀಮ್ ಪೆನ್ನಿಂಗ್ ಎಂಬ ಪಂದ್ಯಕ್ಕೆ ಬೇಕಾದದ್ದು ಇಷ್ಟೇ. ಉತ್ತರ ಅಮೆರಿಕದ ದನಗಾಹಿಗಳ ದಿನನಿತ್ಯದ ದುಡಿಮೆಯೇ ಇಲ್ಲಿ ಆಟವಾಗಿದೆ. ದನಗಳ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಹಾಕಿರುತ್ತಾರೆ, ಒಂದೊಂದು ಅಂಕಿಗೆ ಮೂರು ದನ. ಸವಾರರು ಗೆರೆ ದಾಟುವ ಹೊತ್ತಿಗೆ ತೀರ್ಪುಗಾರ ಒಂದು ಅಂಕಿ ಕೂಗುತ್ತಾನೆ. ಆ ಮೂರನ್ನೇ ಮಂದೆಯಿಂದ ಬೇರ್ಪಡಿಸಿ, ಸಾಮಾನ್ಯವಾಗಿ 60ರಿಂದ 90 ಸೆಕೆಂಡುಗಳ ಗಡುವಿನೊಳಗೆ ದೊಡ್ಡಿಗೆ ಹೊಗಿಸಿ, ಬಾಗಿಲಲ್ಲಿ ಕುದುರೆ ನಿಲ್ಲಿಸಿ ಕೈ ಎತ್ತಬೇಕು. ಮಿತಿಗಿಂತ ಹೆಚ್ಚು ಬೇಡದ ದನ ಗೆರೆ ದಾಟಿ ಬಂದರೆ ತಂಡ ಹೊರಕ್ಕೆ. ದನವನ್ನು ಒರಟಾಗಿ ಅಟ್ಟಾಡಿಸಿದರೂ ಹೊರಕ್ಕೆ.

ಈ ನಿಯಮಗಳಲ್ಲಿ ಗೆರೆ, ಗಡಿಯಾರ, ಅಂಕಿ ಎಲ್ಲವೂ ಸವಾರನಿಗೆ ಅರ್ಥವಾಗುವಂಥವು. ಪಳಗಿದ ಕುದುರೆಗೆ ಅರ್ಧ ಅರ್ಥವಾದೀತು. ದನಕ್ಕೆ ಮಾತ್ರ ಏನೂ ಇಲ್ಲ. ಅದರ ಪಾಲಿಗೆ ಯಾರೋ ಬೆನ್ನಟ್ಟಿದ್ದಾರೆ, ಅಷ್ಟೇ. ಆಟವೆಂದರೆ ಬೇಡದ ಅಡ್ಡಿಗಳನ್ನು ಬೇಕೆಂದೇ ಮೈಮೇಲೆ ಹಾಕಿಕೊಂಡು ಮೀರಲು ಹೊರಡುವುದು ಎಂದು ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದ. ಆ ಮಾತು ಒಪ್ಪಿದರೆ ಪ್ರಾಣಿ ಪಂದ್ಯದಲ್ಲಿ ಆಡುವವರು ಮನುಷ್ಯರು ಮಾತ್ರ, ಪ್ರಾಣಿ ಆಟದೊಳಗಿದ್ದೂ ಆಟಗಾರನಲ್ಲ. ಹಾಗಾದರೆ ಪಂದ್ಯದ ನಿಯಮ ನ್ಯಾಯ ಕೊಡಬೇಕಾದದ್ದು ಯಾರಿಗೆ? ಈ ಪ್ರಶ್ನೆಯನ್ನು ಪರಿಶೀಲಿಸಲು ಸಂಯುಕ್ತ ಅರಬ್ ಎಮಿರೇಟ್ಸ್ ಒಳ್ಳೆಯ ನೆಲ. ದನ ಕೂಡುವ ಪಂದ್ಯ ಅಲ್ಲಿಯದಲ್ಲ. ಆದರೆ ಒಂಟೆ, ಕುದುರೆ, ಹೋರಿಗಳ ಪಂದ್ಯಗಳು ಅಲ್ಲಿ ಒಂದೇ ಕಾಲಕ್ಕೆ ಧರ್ಮಶಾಸ್ತ್ರದ ವಿಷಯ, ಪರಂಪರೆಯ ಹೆಮ್ಮೆ ಮತ್ತು ಸರ್ಕಾರದ ಕಾನೂನಿನ ವಸ್ತು.

ಮಂದೆಯಿಂದ ಬೇಕಾದದ್ದನ್ನು ಬೇರ್ಪಡಿಸಿ ಹೊಡೆದುಕೊಂಡು ಹೋಗುವುದು ಮೊದಲು ಆಟವಾಗಿರಲಿಲ್ಲ, ದಾಳಿಯಾಗಿತ್ತು. ಅರೇಬಿಯದ ಬೆದೂಯಿನ್ ಬುಡಕಟ್ಟುಗಳು ಪರಸ್ಪರರ ಒಂಟೆಗಳನ್ನು ಕೊಳ್ಳೆ ಹೊಡೆಯುತ್ತಿದ್ದ ‘ಗಝ್ವ್’ಗೂ ಕಟ್ಟುಪಾಡುಗಳಿದ್ದವು. ಒಂಟೆ ಹೊಡೆದೊಯ್ಯುವುದು ಶೌರ್ಯ, ಕಾರಣವಿಲ್ಲದೆ ನೆತ್ತರು ಹರಿಸುವುದು ಅಪಕೀರ್ತಿ. ಯಾರ ಒಂಟೆ ಎಂಬುದನ್ನು ಅದರ ಮೈಮೇಲಿನ ಸುಟ್ಟ ಗುರುತು, ‘ವಸ್ಮ್’, ಹೇಳುತ್ತಿತ್ತು. ಕರ್ನಾಟಕದ ತುರುಗೋಳ್ ವೀರಗಲ್ಲುಗಳು ಇದೇ ಬಗೆಯ ಲೋಕದ ದಾಖಲೆ. ವಿರಾಟನ ಗೋವುಗಳನ್ನು ಕೌರವರು ಹಿಡಿದ ಪ್ರಸಂಗವೂ ಅದೇ. ವೀರಗಲ್ಲಿನ ಕೆಳಹಲಗೆಯಲ್ಲಿ ದನ ಮತ್ತು ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ದನ ಕೆಳಹಲಗೆಯಿಂದ ಮೇಲೇರುವುದಿಲ್ಲ. ಅದು ಹೋರಾಟದ ಕಾರಣ, ಪಕ್ಷ ಅಲ್ಲ. ಪ್ರಾಣಿಗೆ ಸಂಬಂಧಿಸಿದ ಹಳೆಯ ನಿಯಮಗಳೆಲ್ಲ ಬಹುಮಟ್ಟಿಗೆ ಹೀಗೆಯೇ ಮನುಷ್ಯ ಮನುಷ್ಯರ ನಡುವಿನ ಒಪ್ಪಂದಗಳು.

ಇಸ್ಲಾಮೀ ಧರ್ಮಶಾಸ್ತ್ರ ಈ ಒಪ್ಪಂದಗಳನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿತು. ಒಂಟೆ, ಕುದುರೆ ಮತ್ತು ಬಾಣ, ಈ ಮೂರರ ಸ್ಪರ್ಧೆಗೆ ಮಾತ್ರ ಬಹುಮಾನ ಸಲ್ಲುತ್ತದೆ ಎಂಬ ಹದೀಸ್, ಅಂದರೆ ಪ್ರವಾದಿಯವರ ನುಡಿಯ ವರದಿ, ಅದರ ತಳಹದಿ. ಯುದ್ಧದ ಸಿದ್ಧತೆಗೆ ನೆರವಾಗುವಂಥವು ಇವು ಎಂಬುದು ಪಂಡಿತರು ಕೊಟ್ಟ ಕಾರಣ. ಪ್ರವಾದಿಯವರೇ ನಡೆಸಿದ ಓಟದ ವರದಿ ಬುಖಾರಿಯವರ ಸಂಗ್ರಹದಲ್ಲಿದೆ. ಪಳಗಿಸಿ ಮೈ ಇಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ, ಐದಾರು ಮೈಲಿ. ಹಾಗೆ ತಯಾರಾಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಒಂದು ಮೈಲಿಯಷ್ಟು. ಸಿದ್ಧವಲ್ಲದ ಮೈಯನ್ನು ಸಿದ್ಧವಾದ ಮೈಯ ಜೊತೆ ಓಡಿಸಬಾರದೆಂಬ ವಿವೇಕ ಇಲ್ಲಿ ಕಾಣುತ್ತದೆ. ದುಬೈನ ಅಲ್ ಮರ್ಮೂಮ್‌ನಲ್ಲೂ ಅಬುಧಾಬಿಯ ಅಲ್ ವತ್ಬಾದಲ್ಲೂ ಇಂದು ಒಂಟೆಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ವಯಸ್ಸಿಗೆ ತಕ್ಕ ದೂರ ಗೊತ್ತುಮಾಡಿ ಓಡಿಸುತ್ತಾರೆ.

ಶಾಸ್ತ್ರಕಾರರ ಬುದ್ಧಿ ಹೆಚ್ಚು ಖರ್ಚಾದದ್ದು ಮಾತ್ರ ಕುದುರೆಯ ಮೈಯ ಮೇಲಲ್ಲ, ಪಣದ ಮೇಲೆ. ಇಬ್ಬರು ತಮ್ಮ ತಮ್ಮ ಹಣ ಇಟ್ಟು ಕುದುರೆ ಓಡಿಸಿದರೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ ಖಚಿತ, ಆದ್ದರಿಂದ ಅದು ಜೂಜು. ಹೊರಗಿನ ದಾನಿಯೋ ಆಳುವವನೋ ಬಹುಮಾನ ಕೊಟ್ಟರೆ ದೋಷವಿಲ್ಲ. ಇಬ್ಬರೂ ಪಣ ಇಡಲೇಬೇಕೆಂದರೆ, ಏನನ್ನೂ ಇಡದ ಮೂರನೆಯವನೊಬ್ಬ ತನ್ನ ಕುದುರೆಯೊಂದಿಗೆ ಸೇರಬೇಕು. ಅವನನ್ನು ‘ಮುಹಲ್ಲಿಲ್’ ಎನ್ನುತ್ತಾರೆ, ಪಂದ್ಯವನ್ನು ಹಲಾಲ್ ಮಾಡುವವನು. ಅವನ ಕುದುರೆ ನಿಜವಾಗಿಯೂ ಗೆಲ್ಲಬಲ್ಲದ್ದಾಗಿರಬೇಕು, ಸೋಲುವುದೇ ಖಚಿತವಾದ ಮುದಿ ಕುದುರೆಯನ್ನು ನೆಪಕ್ಕೆ ತಂದು ನಿಲ್ಲಿಸಿದರೆ ಪಂದ್ಯ ಮತ್ತೆ ಜೂಜೇ. ಇಬ್ನ್ ತೈಮಿಯ್ಯಾರಂಥ ಕೆಲವು ಪಂಡಿತರು ಮೂರನೆಯವನೇ ಬೇಕಿಲ್ಲವೆಂದು ವಾದಿಸಿದ್ದೂ ಉಂಟು. ಈ ಚರ್ಚೆಯ ನೆರಳು ಈ ಕಾಲಕ್ಕೂ ಚಾಚಿದೆ: 1996ರಲ್ಲಿ ಆರಂಭವಾದ ದುಬೈ ವರ್ಲ್ಡ್ ಕಪ್ ಜಗತ್ತಿನ ಬಲು ಶ್ರೀಮಂತ ಕುದುರೆ ಓಟಗಳಲ್ಲೊಂದಾಗಿ ಬೆಳೆದದ್ದು ಮೈದಾನದಲ್ಲಿ ಬಾಜಿ ಕಟ್ಟೆಗಳಿಲ್ಲದೆ. ಬಹುಮಾನ ಆಳುವವರಿಂದ ಮತ್ತು ಪ್ರಾಯೋಜಕರಿಂದ ಬರುತ್ತದೆ, ಪ್ರೇಕ್ಷಕರು ದುಡ್ಡು ಕಟ್ಟದೆ ಫಲಿತಾಂಶ ಊಹಿಸಿ ಬಹುಮಾನ ಪಡೆಯಬಹುದು. ಇಷ್ಟೆಲ್ಲ ಜಾಣ್ಮೆಯ ನಡುವೆ ಓಡುವ ಕುದುರೆ ಎಲ್ಲಿದೆ ಎಂದು ಹುಡುಕಿದರೆ, ಗೆಲ್ಲುವ ಸಾಧ್ಯತೆಯ ಅಳತೆಗೋಲಾಗಿ ಮಾತ್ರ ಸಿಗುತ್ತದೆ. ಮುಹಲ್ಲಿಲ್‌ನ ನಿಯಮ ಮನುಷ್ಯರ ನಡುವಿನ ನ್ಯಾಯದ ಅತಿ ನಯವಾದ ಉದಾಹರಣೆ. ಪ್ರಾಣಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹೇಳುವ ಭಾಗ ಬೇರೆ ಕಡೆ ಇದೆ. ಪ್ರಾಣಿಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ಕಾದಾಡಿಸುವುದನ್ನು ನಿಷೇಧಿಸುವ ಹದೀಸ್ ಇದೆ. ಭೂಮಿಯ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ಮನುಷ್ಯರಂತೆಯೇ ಸಮುದಾಯಗಳು ಎಂಬ ಆಶಯ ಕುರ್‌ಆನಿನ ಆರನೆಯ ಅಧ್ಯಾಯದಲ್ಲಿದೆ. ಈ ಹಿನ್ನೆಲೆಯಲ್ಲಿ ದುಬೈ, ಅಬುಧಾಬಿಗಳಂತೆ ಎಮಿರೇಟ್ಸ್‌ಗೆ ಸೇರಿದ ಫುಜೈರಾದಲ್ಲಿ ಸಮುದ್ರದ ಬದಿಯ ಬಯಲಲ್ಲಿ ನಡೆಯುವ ಹೋರಿ ಕಾಳಗ ಕುತೂಹಲದ ವಿಷಯ. ಎರಡು ಹೋರಿಗಳು ಕೊಂಬಿಗೆ ಕೊಂಬು ಕೊಟ್ಟು ತಳ್ಳಾಡುತ್ತವೆ. ಹಿಮ್ಮೆಟ್ಟಿದ್ದು ಸೋತಂತೆ. ಕೊಲ್ಲುವುದಿಲ್ಲ, ಕತ್ತಿ ಈಟಿಗಳಿಲ್ಲ, ಹಗ್ಗ ಹಿಡಿದವರು ಬಿಡಿಸುತ್ತಾರೆ. ಇದನ್ನು ಸ್ಪೇನಿನ ಕಾಳಗದೊಂದಿಗೆ ಹೋಲಿಸಿ ಅಹಿಂಸೆಯೆನ್ನುವವರಿದ್ದಾರೆ. ಎತ್ತಿಕಟ್ಟಬಾರದೆಂಬ ನಿಷೇಧವನ್ನು ಅಕ್ಷರಶಃ ಓದುವವರಿಗೆ ಆ ಹೋಲಿಕೆ ಸಾಲದು. ಆದರೂ ಒಂದು ಅಂಶ ಗಮನಾರ್ಹ. ಇಲ್ಲಿ ಹೋರಿ ‘ಸಾಕು’ ಎಂದು ಮುಖ ತಿರುಗಿಸಿದ ಕ್ಷಣಕ್ಕೆ ಪಂದ್ಯ ಮುಗಿಯುತ್ತದೆ. ಅದರ ನಿರಾಕರಣೆಯೇ ಫಲಿತಾಂಶ. ಟೀಮ್ ಪೆನ್ನಿಂಗ್‌ನಲ್ಲಿ ದನದ ನಿರಾಕರಣೆ ಸವಾರ ಮೀರಬೇಕಾದ ಅಡ್ಡಿ ಮಾತ್ರ.

ಒಂಟೆ ಓಟದ ಈಚಿನ ಚರಿತ್ರೆ ಇನ್ನೊಂದು ಪಾಠ ಕೊಡುತ್ತದೆ. ಹಗುರ ಸವಾರ ಬೇಕೆಂಬ ಆಸೆಗೆ ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್, ಮಾರಿಟೇನಿಯಗಳ ಪುಟ್ಟ ಹುಡುಗರನ್ನು ಒಂಟೆಯ ಬೆನ್ನಿಗೆ ಕಟ್ಟುವ ಪದ್ಧತಿ ದಶಕಗಳ ಕಾಲ ನಡೆಯಿತು. 2005ರಲ್ಲಿ ಎಮಿರೇಟ್ಸ್ 18 ವರ್ಷದೊಳಗಿನ ಜಾಕಿಗಳನ್ನು ಕಾನೂನಿನಿಂದ ನಿಷೇಧಿಸಿತು. ಯುನಿಸೆಫ್ ಜೊತೆಗಿನ ಒಪ್ಪಂದದಂತೆ ಸಾವಿರಕ್ಕೂ ಹೆಚ್ಚು ಮಕ್ಕಳು ತಾಯ್ನಾಡಿಗೆ ಮರಳಿದರು. ಜಾಕಿಯ ಜಾಗಕ್ಕೆ ರೋಬೋಟ್ ಬಂತು. ಮೊದಲು ಹದಿನೈದು ಕಿಲೋ ಮೀರಿ ತೂಗುತ್ತಿದ್ದದ್ದು ಈಗ ಎರಡು ಮೂರು ಕಿಲೋಗೆ ಇಳಿದಿದೆ. ಒಡೆಯ ಪಕ್ಕದ ರಸ್ತೆಯಲ್ಲಿ ಕಾರು ಓಡಿಸಿಕೊಂಡು, ವಾಕಿಟಾಕಿಯಲ್ಲಿ ಒಂಟೆಗೆ ಕೂಗುತ್ತ, ರಿಮೋಟಿನಿಂದ ಚಾಟಿ ತಿರುಗಿಸುತ್ತಾನೆ. ಮಗುವಿನ ಮಟ್ಟಿಗೆ ಇದು ನಿಸ್ಸಂದೇಹವಾದ ಬಿಡುಗಡೆ. ಒಂಟೆಯ ಮಟ್ಟಿಗೆ ಬೆನ್ನ ಮೇಲಿನ ಭಾರ ಇಳಿಯಿತು, ಚಾಟಿ ಉಳಿಯಿತು. ಬದಲಾದದ್ದು ಚಾಟಿಗೂ ಕೈಗೂ ನಡುವಿನ ದೂರ. ಬೆನ್ನ ಮೇಲೆ ಕುಳಿತವನಿಗೆ ಒಂಟೆಯ ಏದುಸಿರು ತೊಡೆಗೆ ತಾಗುತ್ತದೆ, ಕಾರಿನೊಳಗಿನವನಿಗೆ ತಾಗುವುದಿಲ್ಲ. ಕೆಲವು ರೋಬೋಟುಗಳಲ್ಲಿ ವಿದ್ಯುತ್ ಆಘಾತ ಕೊಡುವ ನಿಷಿದ್ಧ ಸಾಧನ ಅಡಗಿಸಿದ್ದದ್ದು ಸಿಕ್ಕಿಬಿದ್ದ ಪ್ರಸಂಗಗಳಿವೆ. ತನ್ನ ಮೈಗೆ ತಾಗದ ನೋವನ್ನು ನಿಯಂತ್ರಿಸುವುದಕ್ಕೆ ಕಾನೂನು ಬೇಕಾಗುತ್ತದೆ. ಪ್ರಾಣಿರಕ್ಷಣೆಗಾಗಿಯೇ ಎಮಿರೇಟ್ಸ್ 2007ರಲ್ಲಿ 16ನೇ ಸಂಖ್ಯೆಯ ಒಕ್ಕೂಟ ಕಾನೂನು ತಂದಿತು. 2020ರಲ್ಲಿ ಯುನೆಸ್ಕೊ ಒಂಟೆ ಓಟವನ್ನು ಎಮಿರೇಟ್ಸ್ ಮತ್ತು ಒಮಾನ್‌ಗಳ ಅಮೂರ್ತ ಪರಂಪರೆಯಾಗಿ ಪಟ್ಟಿಗೆ ಸೇರಿಸಿತು.

ಪ್ರಾಣಿಯ ಮೈಯನ್ನೇ ನಿಯಮದೊಳಕ್ಕೆ ತಂದ ಪಂದ್ಯವೆಂದರೆ ಕುದುರೆಗಳ ದೀರ್ಘದೂರದ ಎಂಡ್ಯೂರೆನ್ಸ್ ಓಟ. ಅಲ್ ವತ್ಬಾದಲ್ಲಿ ನಡೆಯುವ ಪ್ರೆಸಿಡೆಂಟ್ಸ್ ಕಪ್‌ನ ದೂರ 160 ಕಿಲೋಮೀಟರ್. ಓಟವನ್ನು ಸುತ್ತುಗಳಾಗಿ ಒಡೆದಿರುತ್ತಾರೆ, ಪ್ರತಿ ಸುತ್ತಿನ ಕೊನೆಗೂ ಪಶುವೈದ್ಯರ ತಪಾಸಣೆ. ಕೊನೆಯ ಸುತ್ತನ್ನು ಬಿಟ್ಟರೆ, ಸವಾರ ಗೆರೆ ಮುಟ್ಟಿದ ಮಾತ್ರಕ್ಕೆ ಆ ಸುತ್ತಿನ ಗಡಿಯಾರ ನಿಲ್ಲುವುದಿಲ್ಲ. ಕುದುರೆಯನ್ನು ತಣಿಸಿ ವೈದ್ಯರ ಮುಂದೆ ತಂದು ಒಪ್ಪಿಸುವವರೆಗೂ ಅದು ಓಡುತ್ತಲೇ ಇರುತ್ತದೆ. ಎದೆಬಡಿತ ಗೊತ್ತಾದ ಅವಧಿಯೊಳಗೆ, ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ, ಇಳಿಯದಿದ್ದರೆ ಅಥವಾ ನಡಿಗೆಯಲ್ಲಿ ಕುಂಟು ಕಂಡರೆ ಕುದುರೆ ಅಲ್ಲಿಗೇ ಹೊರಗೆ. ದಣಿದ ಕುದುರೆಯನ್ನು ಇನ್ನಷ್ಟು ಹೊಡೆದು ಗಳಿಸಿದ ನಿಮಿಷಗಳು, ಅದರ ಎದೆಬಡಿತ ಇಳಿಯಲು ಕಾಯುವಾಗ ಕಳೆದುಹೋಗುತ್ತವೆ. ದನವನ್ನು ಒರಟಾಗಿ ಅಟ್ಟಬಾರದು ಎಂಬ ನಿಯಮ ಹೊರಗಿನಿಂದ ಹಾಕಿದ ಬೇಲಿ. ತೀರ್ಪುಗಾರ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಎಂಡ್ಯೂರೆನ್ಸ್ ನಿಯಮ ಪ್ರಾಣಿಯ ಸ್ಥಿತಿಯನ್ನು ಗೆಲುವಿನ ಲೆಕ್ಕದೊಳಗೇ ಇಟ್ಟಿತು. ಮಾತು ಬಾರದ ಪಾಲುದಾರನಿಗೆ ಒಂದು ಮತ ಕೊಡಲು ಇದಕ್ಕಿಂತ ಒಳ್ಳೆಯ ಉಪಾಯ ಬೇರಾವ ಪಂದ್ಯದಲ್ಲೂ ಸುಲಭಕ್ಕೆ ಸಿಗದು.

ಆದರೂ ಆ ಮತವನ್ನು ಕೊಳ್ಳಲು ಸಾಧ್ಯ. ಮರುಭೂಮಿಯ ಸಮತಟ್ಟು ಹಾದಿಯಲ್ಲಿ ವೇಗ ಏರುತ್ತ ಹೋಯಿತು. ನೀರು ಸುರಿದು ಮೈ ತಣಿಸುವ ಕೌಶಲದಿಂದ ಎದೆಬಡಿತ ಬೇಗ ಇಳಿಯುವಂತಾಯಿತು. ಎದೆಬಡಿತ ಆಯಾಸವನ್ನು ಹೇಳುತ್ತದೆ, ಎಲುಬಿನೊಳಗೆ ಬಿಡುತ್ತಿರುವ ಬಿರುಕನ್ನು ಹೇಳುವುದಿಲ್ಲ. ಕಾಲು ಮುರಿದ ಕುದುರೆಗಳು, ಉದ್ದೀಪನ ಮದ್ದಿನ ಪ್ರಕರಣಗಳು ಹೆಚ್ಚಾಗಿ, ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2015ರ ಮಾರ್ಚ್‌ನಲ್ಲಿ ಎಮಿರೇಟ್ಸ್‌ನ ರಾಷ್ಟ್ರೀಯ ಸಂಸ್ಥೆಯನ್ನು ಅಮಾನತು ಮಾಡಿತು. ಅದೇ ವರ್ಷದ ಜುಲೈನಲ್ಲಿ ಷರತ್ತುಗಳೊಂದಿಗೆ ಅಮಾನತು ತೆರವಾಯಿತು. ಉತ್ತರ ಹುಟ್ಟಿದ್ದೂ ಅಬುಧಾಬಿಯಲ್ಲೇ. ಶೇಖ್ ಸುಲ್ತಾನ್ ಬಿನ್ ಝಾಯದ್ ಅಲ್ ನಹ್ಯಾನ್ ಅವರ ಆಶ್ರಯದ ಬೂದೀಬ್ ಮೈದಾನದಲ್ಲಿ ವೇಗಕ್ಕೆ ಗಂಟೆಗೆ 20 ಕಿಲೋಮೀಟರಿನ ಮಿತಿ ಹಾಕಿದರು, ಎದೆಬಡಿತದ ಗಡಿಯನ್ನು 56ಕ್ಕೆ ಇಳಿಸಿದರು, ಬಹುಮಾನವನ್ನು ಓಟದ ಕೊನೆಯಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಕುದುರೆಗಳತ್ತ ತಿರುಗಿಸಿದರು. ಇದು ಓಟವೇ ಅಲ್ಲ ಎಂದು ಗೊಣಗುವವರಿಗೆ ಅವರ ದೃಷ್ಟಿಯಲ್ಲಿ ಕಾರಣವಿದೆ: ಅವರಿಗೆ ಬೇಕಾದದ್ದು ಮನುಷ್ಯರ ನಡುವೆ ಯಾರು ಮೊದಲು ಎಂಬ ತೀರ್ಮಾನ, ಅದು ಇಲ್ಲಿ ಎರಡನೆಯದಾಯಿತು.

ಪ್ರಾಣಿಗೆ ಮತ ಇದ್ದರೆ ಸಾಕೆ, ಮೊಕದ್ದಮೆ ಹೂಡುವ ಹಕ್ಕು ಬೇಡವೆ? ಹತ್ತನೆಯ ಶತಮಾನದ ಬಸ್ರಾದ ಇಖ್ವಾನುಸ್ಸಫಾ ಪಂಡಿತ ಮಂಡಳಿ ಈ ಪ್ರಶ್ನೆಯನ್ನು ಕಥೆಯಾಗಿಸಿತು. ಜಿನ್ನರ ರಾಜನ ಆಸ್ಥಾನದಲ್ಲಿ ಪ್ರಾಣಿಗಳು ಮನುಷ್ಯರ ಮೇಲೆ ದೂರು ಕೊಡುತ್ತವೆ. ತಾವು ಹೇಗೆ ಯಜಮಾನರೆಂದು ಮನುಷ್ಯರು ಕೊಡುವ ಒಂದೊಂದು ಕಾರಣವನ್ನೂ ಪ್ರಾಣಿಗಳು ಕೆಡವುತ್ತವೆ. ಕೊನೆಗೆ ತೀರ್ಪು ಮನುಷ್ಯರ ಪರವಾಗುವುದು ಅವರ ಬುದ್ಧಿ, ಬಲಗಳಿಂದಲ್ಲ, ಪರಲೋಕದ ಬಾಳು ಅವರಿಗಿದೆ ಮತ್ತು ಅವರಲ್ಲಿ ಸಂತರಿದ್ದಾರೆ ಎಂಬ ಕಾರಣದಿಂದ. ವಾದದಲ್ಲಿ ಸೋತು ಮೊಕದ್ದಮೆಯಲ್ಲಿ ಗೆದ್ದಂತೆ.

ಕರಾವಳಿ ಕನ್ನಡಿಗರಿಗೆ ಇದೇ ತಕರಾರು ಕಂಬಳದ ಮೊಕದ್ದಮೆಯಿಂದ ಪರಿಚಿತ. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ಸುಪ್ರೀಂ ಕೋರ್ಟ್ 2014ರ ಮೇ 7ರಂದು ಕೊಟ್ಟ ತೀರ್ಪು, ಪ್ರಾಣಿಗೆ ಘನತೆಯಿಂದ ಬಾಳುವ ಹಕ್ಕಿದೆ ಎಂಬ ದಿಕ್ಕಿನಲ್ಲಿ ಸಾಗಿ, ಕಂಬಳವನ್ನೂ ತಟ್ಟಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು: ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನವಿಲ್ಲ, ನೋವನ್ನು ಗಣನೀಯವಾಗಿ ತಗ್ಗಿಸುವ ನಿಯಮಗಳೊಂದಿಗೆ ಪಂದ್ಯ ನಡೆಯಬಹುದು. ಮೊದಲ ತೀರ್ಪು ಪ್ರಾಣಿಯನ್ನು ಹಕ್ಕುದಾರನಾಗಿ ಕಂಡರೆ ಎರಡನೆಯದು ಮನುಷ್ಯನನ್ನು ಕರ್ತವ್ಯಬದ್ಧನಾಗಿ ಕಂಡಿತು. ಆಚರಣೆಯಲ್ಲಿ ಹೆಚ್ಚು ಫಲ ಕೊಡುವುದು ಎರಡನೆಯದೇ ಇರಬಹುದು. ಆದರೆ ಕರ್ತವ್ಯ ಪಂದ್ಯದ ದಿನಕ್ಕೆ ಮಾತ್ರ ಸೀಮಿತವಾದರೆ ಅದು ಅರೆಬರೆ.

ಆ ಉಳಿದ ಅರ್ಧವನ್ನು ಹದಿಮೂರನೆಯ ಶತಮಾನದ ನ್ಯಾಯಶಾಸ್ತ್ರಿ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಪ್ರಾಣಿಗಳಿಗೆ ಮನುಷ್ಯ ಸಲ್ಲಿಸಬೇಕಾದ ಬಾಧ್ಯತೆಗಳೆಂದು ಪಟ್ಟಿ ಮಾಡಿದ್ದಾರೆ. ಶಕ್ತಿ ಮೀರಿ ಹೊರೆ ಹೊರಿಸಬಾರದು. ಹಾಯ್ದು ಎಲುಬು ಮುರಿಯುವಂಥ ಪ್ರಾಣಿಯ ಜೊತೆ ಕೂಡಬಾರದು. ಮುಪ್ಪಿನಿಂದಲೋ ರೋಗದಿಂದಲೋ ಇನ್ನು ಯಾವ ಉಪಯೋಗಕ್ಕೂ ಬಾರದಾದರೂ ಮೇವು ನೀರು ನಿಲ್ಲಿಸಬಾರದು. ಮೊದಲೆರಡಕ್ಕೆ ಟೀಮ್ ಪೆನ್ನಿಂಗ್‌ನಿಂದ ಎಂಡ್ಯೂರೆನ್ಸ್‌ವರೆಗಿನ ನಿಯಮಪುಸ್ತಕಗಳಲ್ಲಿ ಒಂದಲ್ಲ ಒಂದು ಬಗೆಯ ಪ್ರತಿರೂಪ ಸಿಗುತ್ತದೆ. ಮೂರನೆಯದು ಪಂದ್ಯದ ಗೆರೆಯಾಚೆಯದು. ಓಟ ನಿಲ್ಲಿಸಿದ ಒಂಟೆ, ಕುಂಟಿದ ಕುದುರೆ, ಅಂಕಿ ಕಿತ್ತು ಮಂದೆಗೆ ಮರಳಿದ ದನಗಳ ಮುಂದಿನ ದಿನಗಳನ್ನು ಆ ಪುಸ್ತಕಗಳು ಬಹುಮಟ್ಟಿಗೆ ಒಡೆಯನ ವಿವೇಚನೆಗೆ ಬಿಟ್ಟಿವೆ.