ಉಸಿರಿನ ಲೆಕ್ಕ

ಕಳೆದ ಸಲ ಊರಿಗೆ ಹೋದಾಗ, ಘತ್ತರಗಿಯಲ್ಲಿ ಭೀಮೆಯ ದಂಡೆಯಿಂದ ಭಾಗ್ಯವಂತಿ ಗುಡಿ ಕಡೆ ಏರುವಷ್ಟರಲ್ಲಿ ನನಗೆ ಏದುಸಿರು. ಅಪ್ಪ ಮಾತಾಡ್ತಾನೇ ಮುಂದೆ ಹೋಗಿದ್ದ. ತಿರುಗಿ ನಿಂತು, "ಅಲ್ಲೋ ತಮ್ಮಾ, ದಿನಾ ಪ್ರಾಣಾಯಾಮ ಮಾಡ್ಲತ್ತೀನಿ ಅಂತಿದ್ದಿ?" ಅಂದ.

ಮಾಡ್ತೀನಿ, ಸುಳ್ಳಲ್ಲ. ಬೆಂಗಳೂರಿನ ಆಫೀಸಿನಲ್ಲಿ, ಕುರ್ಚಿ ಬಿಡದೆ, ಆ್ಯಪ್ ಹೇಳಿದಂತೆ 10 ನಿಮಿಷ. ನಿಮಿಷಕ್ಕೆ 12ರಿಂದ 20 ಇರುವ ಉಸಿರು 6ಕ್ಕೆ ಇಳಿದರೆ ಮನಸ್ಸು ತಣ್ಣಗಾಗುತ್ತೆ, ರಕ್ತದೊತ್ತಡವೂ ತುಸು ಇಳಿಯಬಹುದು. ಆದರೆ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಹೃದಯ ಕಲಿಯುವುದು ಮೈ ದುಡಿದಾಗ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಶ್ರಮ ಇರಲಿ ಅನ್ನುತ್ತೆ.

ಹಾಗಂತ ಅಪ್ಪನ ಹೊಲವನ್ನು ಜಿಮ್ ಅಂತ ಹೊಗಳಲಾರೆ. ಆ ದಮ್ಮು ಅವನು ಕೇಳಿ ಪಡೆದದ್ದಲ್ಲ. ತೊಗರಿ ರಾಶಿಯ ಧೂಳು ಕುಡಿದೂ ಉಳಿದದ್ದು. ಮಗ ಕುರ್ಚಿಯಲ್ಲಿ ಕೂರಲಿ ಅಂತಲೇ ಅವನು ದುಡಿದ.

ಹಾಗಾದರೆ ನಾನು ಕೂತದ್ದು ತಪ್ಪೇ? ಅಲ್ಲ. ಸಂಜೆ 7ರ ಮೀಟಿಂಗಿಗೆ 'ಆಗಲ್ಲ' ಅನ್ನಲು ಅಂಜಿ, ಆ ಅಂಜಿಕೆಯ ಮೇಲೆ ಪ್ರಾಣಾಯಾಮವನ್ನು ಮುಲಾಮಿನಂತೆ ಹಚ್ಚಿಕೊಂಡೆನಲ್ಲ, ಅದು ತಪ್ಪು. ತಾಳ್ಮೆ, ಹೇಡಿತನ ಎರಡೂ ಹೊರಗಿನಿಂದ ಒಂದೇ ಥರ ಕಾಣ್ತವೆ.

ಈಗಲೂ ಉಸಿರು ಎಣಿಸ್ತೀನಿ, ಮಲಗುವ ಮುಂಚೆ. 7 ಗಂಟೆಗೆ ಮಾತ್ರ ಲ್ಯಾಪ್‌ಟಾಪ್ ಮುಚ್ಚಿ ಕೆರೆ ಸುತ್ತ ಜೋರಾಗಿ ನಡೀತೀನಿ. ಮುಂದಿನ ಸಲ ಅಪ್ಪನ ಜೊತೆ ಮಾತಾಡ್ತಾ ಗುಡಿ ಕಡೆ ಏರಬೇಕು.