ಮೌನವು ಕಪಟವೇ?

ಪತಿಯ ಕೈಯಲ್ಲಿ ನಿತ್ಯವೂ ಪೆಟ್ಟುಣ್ಣುವ ಸತಿಯೊಬ್ಬಳು ಮನೆಯನ್ನು ಬಿಡಲು ನಿಶ್ಚಯಿಸಿ, ಅದನ್ನು ಪತಿಗೆ ತಿಳಿಸದೆ, ಒಂದೊಂದೇ ಕಾಗದವನ್ನು ತವರಿಗೆ ಸಾಗಿಸುತ್ತಾಳೆ. ಇದು ಹುಸಿಯೇ? ಹುಸಿಯನ್ನು ಕಳವು ಕೊಲೆಗಳ ಸಾಲಿನಲ್ಲಿಯೇ ಎಣಿಸಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ಸಂದೇಹವು ಸಹಜವಾದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಗಳಲ್ಲಿ ಇಂತಹವಳನ್ನು ‘ಹೇಳದೆ ಕೇಳದೆ ಹೋದವಳು’ ಎಂದು ಹಳಿಯುವುದುಂಟು. ಹೊಡೆದವನ ಹೆಸರು ಆ ಹಳಿವಿನಲ್ಲಿ ಬರುವುದೇ ಇಲ್ಲ.

ಪತಿಯನ್ನು ತೊರೆದ ಶರಣೆಯೆಂದರೆ ಮೊದಲು ನೆನಪಾಗುವವಳು ಉಡುತಡಿಯ ಮಹಾದೇವಿಯಕ್ಕ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆ ವಿವಾಹವೇ ನಡೆಯುವುದಿಲ್ಲ. ಹರಿಹರನ ರಗಳೆಯಲ್ಲಾದರೋ ಕೌಶಿಕನ ಬೆದರಿಕೆಗೆ ಸಿಕ್ಕಿದ ತಾಯಿತಂದೆಗಳಿಗಾಗಿ ಅಕ್ಕನು ಕರಾರು ಹಾಕಿ ಒಪ್ಪುತ್ತಾಳೆ, ಮೂರು ತಪ್ಪುಗಳನ್ನು ಎಣಿಸಿ ಸೈರಿಸುತ್ತಾಳೆ, ಬಳಿಕ ಹೊರಡುತ್ತಾಳೆ. ಸೈರಣೆಗೆ ಎಣಿಕೆಯುಂಟೆಂಬುದನ್ನು ಸಂಸಾರಿಗಳು ಇಲ್ಲಿಂದ ಕಲಿಯಬಹುದು. ಆದರೆ ಅಕ್ಕನು ಹೊರಟುದು ಬಹಿರಂಗವಾಗಿ, ಉಟ್ಟುದನ್ನೂ ಬಿಟ್ಟು. ಕಂಕುಳಲ್ಲಿ ಕೂಸಿರುವ ಗೃಹಿಣಿಗೆ ವಿರಕ್ತೆಯ ಆ ನಡೆಯನ್ನೇ ಅಳತೆಗೋಲಾಗಿ ಹಿಡಿಯುವುದು ಅನ್ಯಾಯ. ಕೂಸಿಗೆ ನಾಳೆ ಹಾಲು ಬೇಕು, ಶಾಲೆಗೆ ಜನನಪತ್ರ ಬೇಕು.

ಮಹಾಭಾರತದ ಕರ್ಣಪರ್ವದಲ್ಲಿ ಮತ್ತೊಬ್ಬ ಕೌಶಿಕನಿದ್ದಾನೆ. ಸತ್ಯವ್ರತಿಯೆಂಬ ಹಮ್ಮಿನಿಂದ, ಓಡಿ ಅಡಗಿದವರ ಜಾಡನ್ನು ಕಳ್ಳರಿಗೆ ಹೇಳಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕಿಳಿದ ತಪಸ್ವಿ ಈತ. ಕೇಳುವವನು ಯಾವ ಉದ್ದೇಶದಿಂದ ಕೇಳುವನೆಂಬುದನ್ನು ಬಿಟ್ಟು ಸತ್ಯದ ವಿಚಾರವು ನಿಲ್ಲಲಾರದು. ‘ನಿನ್ನನ್ನು ಬಿಡುವೆನು’ ಎಂದು ಹೇಳಿದ ಗಳಿಗೆಯೂ ಹೊಸ್ತಿಲು ದಾಟುವ ಗಳಿಗೆಯೂ ಹಿಂಸೆಯು ಉಲ್ಬಣಿಸುವ ಗಳಿಗೆಗಳೆಂದು ಇಂತಹ ಸ್ತ್ರೀಯರಿಗೆ ನೆರವಾಗುವವರೆಲ್ಲರೂ ಎಚ್ಚರಿಸುತ್ತಾರೆ. ಹೀಗಿರಲು ಆಕೆಯ ಮೌನವು ಕಪಟವಲ್ಲ, ಪ್ರಾಣರಕ್ಷಣೆ.

ಆದರೂ ಮೇರೆಯೊಂದುಂಟು. ತವರಿನವರು ಆಕೆಗೆ ಕೊಟ್ಟ ಬಂಗಾರವು ಸ್ತ್ರೀಧನ. ಪತಿಯ ಮನೆಯಲ್ಲಿದ್ದರೂ ಅದು ಆಕೆಯದೇ ಎಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಅದನ್ನು ಒಯ್ಯುವುದು ಕಳವಲ್ಲ. ಪತಿಯ ಪೆಟ್ಟಿಗೆಗೆ ಕೈಯಿಕ್ಕಿದರೆ ಮಾತು ಬೇರೆ. ನ್ಯಾಯಾಲಯದಲ್ಲಿ ಮೂರು ಪೆಟ್ಟನ್ನು ಹತ್ತೆಂದು ಹೇಳಿದರೆ ಅದು ಹುಸಿಯೇ, ಮೇಲಾಗಿ ಮೊಕದ್ದಮೆಯನ್ನೂ ಕೆಡಿಸುವುದು. ಪೆಟ್ಟಾದ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ ಗಾಯವನ್ನು ಬರೆಯಿಸಿಟ್ಟವಳಿಗೆ ಉತ್ಪ್ರೇಕ್ಷೆಯ ಅವಶ್ಯಕತೆಯೇ ಬಾರದು. ಆಧಾರ್ ಚೀಟಿ, ಪಡಿತರ ಚೀಟಿ, ಲಗ್ನಪತ್ರಿಕೆ, ಮಕ್ಕಳ ಜನನಪತ್ರ ಇವು ನಂಬಿಗಸ್ತರ ಮನೆಯಲ್ಲಿರಲಿ. ತನ್ನೊಬ್ಬಳ ಹೆಸರಿನಲ್ಲಿ ಬ್ಯಾಂಕಿನ ಲೆಕ್ಕವಿರಲಿ. ಪತಿಯು ತೆಗೆದು ನೋಡುವ ಮೊಬೈಲಿನಲ್ಲಿ ಈ ಯಾವ ಮಾತೂ ಬೇಡ.

ಶಾಸನದ ಬಲವೂ ಇದೆ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. 1976ರ ತಿದ್ದುಪಡಿಯಿಂದ ಕ್ರೌರ್ಯವು ವಿಚ್ಛೇದನಕ್ಕೆ ಕಾರಣವಾಯಿತು. 2003ರಿಂದ ಪತ್ನಿಯು ತಾನು ವಾಸವಾಗಿರುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಇಂಡಿಗೆ ಕೊಟ್ಟ ಮುದ್ದೇಬಿಹಾಳದ ಮಗಳು ಪತಿಯ ಊರಿಗೇ ಮರಳಿ ಅಲೆಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಆದಾಯವೆಷ್ಟಿದ್ದರೂ ಸ್ತ್ರೀಗೆ ಉಚಿತವಾಗಿ ವಕೀಲರು ದೊರೆಯುವರು. ವಿಚ್ಛೇದನಕ್ಕೆ ಕಾಯದೆಯೇ, 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಮೇರೆಗೆ ಸಂರಕ್ಷಣಾಧಿಕಾರಿಯ ಮೂಲಕ ಪತಿಯನ್ನು ತಡೆಯುವ ಆಜ್ಞೆಯನ್ನೂ ಆಶ್ರಯವನ್ನೂ ಕೋರಬಹುದು. ಅಪಾಯದ ಹೊತ್ತಿಗೆ 112, ಮಹಿಳಾ ಸಹಾಯಕ್ಕೆ 181 ಎಂಬ ಸಂಖ್ಯೆಗಳನ್ನು ಬಾಯಿಪಾಠ ಮಾಡಿರುವುದು ಲೇಸು. ಹಿರಿಯರು ಬರೆಯಿಸುವ ಸೋಡಚೀಟಿಯು ರೂಢಿಯೆಂದು ಸಿದ್ಧಪಟ್ಟಲ್ಲಿ ಮಾತ್ರ ನಿಲ್ಲುವುದು. ಅದನ್ನೇ ನಂಬಿ ಕೂಡುವುದು ಉಚಿತವಲ್ಲ.

ಇನ್ನು ಹಿರಿಯರ ಮಾತು. ಗಂಡಹೆಂಡಿರನ್ನು ಮಠದ ಪಡಸಾಲೆಯಲ್ಲಿ ಎದುರುಬದುರು ಕೂಡ್ರಿಸಿ ‘ಹೊಂದಿಕೊಂಡು ಹೋಗು ತಂಗಿ’ ಎನ್ನುವುದು ಸದುದ್ದೇಶದ ರೂಢಿಯೇ ಸರಿ. ಆದರೆ ರಾತ್ರಿ ಅದೇ ಮನೆಗೆ ಮರಳಬೇಕಾದವಳು ಹಗಲು ಅವನೆದುರಿಗೆ ಏನನ್ನು ಹೇಳಿಯಾಳು? ಆಕೆಯನ್ನು ಪ್ರತ್ಯೇಕವಾಗಿ, ಮನೆಯ ಹಿರಿಯ ಹೆಣ್ಣುಮಗಳೊಬ್ಬಳ ಮೂಲಕ ಕೇಳಬೇಕು. ಹೊರಡುವ ದಿನವನ್ನು ಅರಿತ ಅಣ್ಣನು ಅದನ್ನು ಜಾತ್ರೆಯಲ್ಲಿ ಭೇಟಿಯಾದ ಬೀಗರ ಮುಂದೆ ಬಾಯಿತಪ್ಪಿಯೂ ಆಡಬಾರದು. ಆಕೆ ಯಾವ ಬಸ್ಸಿಗೆ ಬರುವಳೆಂಬುದು ಗೊತ್ತಿದ್ದವನು ನಿಲ್ದಾಣಕ್ಕೆ ಒಂದು ತಾಸು ಮೊದಲೇ ಹೋಗಿ ನಿಂತಿರಲಿ.